ಮೇಷ್ಟ್ರ ಇರುವೆ ಡಬ್ಬಿ

ನಮ್ಮ ಪಿ.ಟಿ. ಮೇಷ್ಟ್ರ ಕೊರಳಿನ ಸೀಟಿ ಒಂದು ದಿನವೂ ಅವರ ಅಂಗಿಯ ಗುಂಡಿಗಳ ಸಾಲಿಗೆ ಹೊಂದಿಕೊಂಡು ಕೂತದ್ದಿಲ್ಲ. ಗುಂಡಿಗಳು ಒಂದು ಕಡೆಗಿದ್ದರೆ ಸೀಟಿ ನಾಲ್ಕು ಬೆರಳು ಬಲಕ್ಕೆ ತೂಗುತ್ತಿತ್ತು. ತಪ್ಪು ಸೀಟಿಯದಲ್ಲ. ಗಾರೆಯವನ ತೂಗುಗುಂಡಿನ ಹಾಗೆ ಅದು ನೆಟ್ಟಗೇ ಇಳಿದಿರುತ್ತಿತ್ತು, ಓರೆಯಾಗಿದ್ದವರು ಮೇಷ್ಟ್ರು. ಸೊಂಟದಿಂದ ಮೇಲಕ್ಕೆ ಇಡೀ ಮನುಷ್ಯ ಬಲಕ್ಕೆ ವಾಲಿಕೊಂಡು, ಪಕ್ಕದಲ್ಲಿ ಯಾರೋ ಗುಟ್ಟು ಹೇಳುತ್ತಿದ್ದಾರೆ, ಇವರು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನುವಂತೆ ನಿಲ್ಲುತ್ತಿದ್ದರು. ಇಂಥವರು ದಿನಾ ಬೆಳಗ್ಗೆ ಪ್ರಾರ್ಥನೆಯ ಹೊತ್ತಿಗೆ ಅರಕಲಗೂಡಿನ ನಮ್ಮ ಹೈಸ್ಕೂಲಿನ ಅಷ್ಟೂ ಮಕ್ಕಳಿಗೆ "ನೆಟ್ಟಗೆ ನಿಂತ್ಕಳ್ರೋ!" ಎಂದು ಕೂಗುತ್ತಿದ್ದರು. ಇದನ್ನು ನೋಡಿಕೊಂಡು ಸುಮ್ಮನಿರಲು ನಾನೇನು ಸನ್ಯಾಸಿಯೇ?

ಆಗ ನನಗೆ ಇದ್ದ ಒಂದೇ ವಿದ್ಯೆ ಅಣಕ. ಓದಿನಲ್ಲಿ ಕೊನೆಯ ಬೆಂಚು, ಆಟದಲ್ಲಿ ನೀರು ಕೊಡುವವನು, ಮೈಯಲ್ಲಿ ಅವರೆ ಬಳ್ಳಿಗೆ ಊರಿದ ಕಡ್ಡಿ. ಆದರೆ ಹೆಡ್‌ಮಾಸ್ಟರು ಕೆಮ್ಮಿ ಕನ್ನಡಕ ಸರಿಮಾಡಿಕೊಳ್ಳುವುದು, ಬಸ್‌ಸ್ಟ್ಯಾಂಡಿನಲ್ಲಿ ಆಟೊ ಓಡಿಸುವ ನಮ್ಮಪ್ಪ ಗಿರಾಕಿಯನ್ನು ಕರೆಯುವುದು, ಗಣಿತದ ಮೇಡಂ ಸೀಮೆಸುಣ್ಣ ಮುರಿದಾಗ ಬಿಡುವ ನಿಟ್ಟುಸಿರು, ಇವೆಲ್ಲ ನನ್ನ ಹತ್ತಿರ ಯಾವಾಗಲೂ ತಯಾರಿರುತ್ತಿದ್ದವು. ಪಿ.ಟಿ. ಮೇಷ್ಟ್ರಂತೂ ನನ್ನ ಹಬ್ಬದೂಟ. ಅವರು ಎದುರಿಗೆ ಬಲಕ್ಕೆ ವಾಲಿದರೆ ನಾನು ಕನ್ನಡಿಯ ಹಾಗೆ ಎಡಕ್ಕೆ ವಾಲುತ್ತಿದ್ದೆ. ಹಿಂದಿನ ಸಾಲು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ಒಂಬತ್ತನೇ ಕ್ಲಾಸಿನಲ್ಲಿ ಸಿಕ್ಕಿಬಿದ್ದೆ. ಮೈದಾನಕ್ಕೆ ಎರಡು ರೌಂಡು ಶಿಕ್ಷೆಯಾಯಿತು. ಓಡಿದೆ, ಬುದ್ಧಿಯೂ ಬಂತು. ಆಮೇಲೆ ಅವರ ಎದುರು ನಾನು ಅಣಕ ಮಾಡಲೇ ಇಲ್ಲ. ಆದರೂ ಮಾರನೆಯ ವಾರ ಪ್ರಾರ್ಥನೆಯಲ್ಲಿ ಸೀಟಿ ಕಿರುಚಿತು.

"ಲೇ, ಮತ್ತೆ ನನ್ನಂಗೇ ನಿಂತ್ಕತೀಯೇನ್ಲಾ?"

"ಇಲ್ಲ ಸಾ, ನೆಟ್ಟಗೇ ನಿಂತಿವ್ನಿ ಸಾ."

"ನೆಟ್ಟಗಾ? ಇದು ನೆಟ್ಟಗಾದ್ರೆ ನಾನು ಧ್ವಜಸ್ತಂಭ ಕಣ್ಲಾ. ಓಡು, ಎರಡು ರೌಂಡು!"

ಇದು ದಿನಚರಿಯಾಯಿತು. ನಾನು ಎಷ್ಟು ನೆಟ್ಟಗೆ ನಿಂತರೂ ಅವರಿಗೆ ಅದು ಅಣಕ. ಗೆಳೆಯರು, "ಸಾಕು ಬಿಡ್ಲಾ, ಎಷ್ಟು ದಿನ ಮಾಡ್ತೀಯ," ಅಂದರು. ಯೂನಿಫಾರಂ ಅಳತೆಗೆ ಹೋದರೆ ಟೈಲರು ಟೇಪನ್ನು ಕೊರಳಿಗೆ ಹಾಕಿಕೊಂಡು, "ಅಳತೆ ತಗಳ್ಳಾಗಂಟಾದ್ರೂ ಆಟ ಬುಡಪ್ಪ. ಒಂದು ಭುಜ ಮ್ಯಾಲೆ, ಒಂದು ಭುಜ ಕೆಳಗೆ, ನಾನು ಯಾವ ಭುಜಕ್ಕೆ ವಲೀಲಿ?" ಅಂದ. ಅವ್ವ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. "ಗುರುಗಳ್ನ ಆಡ್ಕಬ್ಯಾಡ ಅಂತ ಬಡ್ಕಂಡೆ. ಆಡ್ಕಂಡಂಗೇ ಆಯ್ತದೆ ಕಣ ಮೂದೇವಿ!" ಎಂದು ನೆಟಿಗೆ ಮುರಿದಳು. ತಮಾಷೆಯೆಂದರೆ ಕೊನೆಕೊನೆಗೆ ನನಗೇ ಅನುಮಾನ ಹತ್ತಿತು. ಅವರ ಪಾತ್ರ ಮಾಡಿ ಮಾಡಿ ಮೈಗೇ ಅಂಟಿಕೊಂಡಿತೇ? ಕನ್ನಡಿಯ ಮುಂದೆ ನಿಂತು ಪಾತ್ರ ಬಿಚ್ಚಿಡಲು ನೋಡಿದೆ. ಬಿಚ್ಚಲಿಲ್ಲ.

ಒಂದು ದಿನ ಎರಡನೇ ರೌಂಡಿಗೆ ಬೆನ್ನಿನಲ್ಲಿ ಯಾರೋ ಹಗ್ಗ ಜಗ್ಗಿದಂತಾಗಿ ಕೂತುಬಿಟ್ಟೆ. ಮೇಷ್ಟ್ರು ದಾಪುಗಾಲು ಹಾಕಿಕೊಂಡು ಬಂದರು. ಅವರು ಓಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಓಡಿಸುವುದಷ್ಟೇ ಅವರ ಕೆಲಸ.

"ಕೂತ್ಕತೀಯೇನ್ಲಾ ನಾಟ್ಕದೋನೆ? ಎದ್ದೇಳು. ಬಾಗು! ಕಾಲ್ಬೆರಳು ಮುಟ್ಟು!"

ಬಾಗಿದೆ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಬೈಗುಳ ಬರಲಿಲ್ಲ. ಸೀಟಿಯೂ ಬರಲಿಲ್ಲ. ಹಾಗೇ ಬಾಗಿಕೊಂಡು ಕಾಲ ಸಂದಿಯಿಂದ ನೋಡಿದರೆ ಅವರ ಬಿಳಿ ಕ್ಯಾನ್ವಾಸ್ ಬೂಟುಗಳು ಅಲುಗಾಡದೆ ನಿಂತಿದ್ದವು.

"ಏಳಪ್ಪಾ," ಅಂದರು. 'ಅಪ್ಪಾ' ಎಂದದ್ದು ಕೇಳಿ ನನಗೆ ಮೊದಲ ಸಲ ಭಯವಾಯಿತು.

ಅಂಗಿ ಬಿಚ್ಚಿಸಿದರು. ಕೊರಳಿನ ಸೀಟಿ ತೆಗೆದು, ಅದರ ದಾರವನ್ನು ನನ್ನ ಕತ್ತಿನ ಹಿಂಬದಿಯ ಮೂಳೆಗೆ ಹಿಡಿದು, ಸೀಟಿಯನ್ನು ಕೆಳಗೆ ಇಳಿಬಿಟ್ಟರು. ಸೊಂಟದ ನಡುವಿನ ಗುಳಿಗೆ ಬೀಳಬೇಕಾದ ಸೀಟಿ ಎರಡು ಬೆರಳು ಎಡಕ್ಕೆ ತೂಗಿತು. ಬಾಗಿದಾಗ ಬೆನ್ನಿನ ಒಂದು ಮಗ್ಗುಲು ದಿಬ್ಬದಂತೆ ಏಳುತ್ತದೆ ಎಂದು ಆಮೇಲೆ ಹೇಳಿದರು.

"ಯಾವಾಗಿಂದ್ಲಾ ಇದು?"

"ನೀವು ಓಡಿಸಾಕೆ ಶುರು ಮಾಡ್ದಾಗಿಂದ ಸಾ," ಅಂದೆ. ನಾಲಿಗೆಗೆ ಭಯ ಗೊತ್ತಿಲ್ಲವಲ್ಲ.

ಮಾರನೆಯ ಬೆಳಗ್ಗೆ ಪ್ರಾರ್ಥನೆಗೆ ಬಂದ ಶಾಲೆಯೆಲ್ಲ ನೋಡಿತು: ಪಿ.ಟಿ. ಮೇಷ್ಟ್ರು ಒಬ್ಬರೇ, ಬಲಕ್ಕೆ ವಾಲಿಕೊಂಡು, ಮೈದಾನ ಸುತ್ತುತ್ತಿದ್ದಾರೆ. ಓಟವಲ್ಲ, ನಡಿಗೆ. ಹೆಡ್‌ಮಾಸ್ಟರು ಕೆಮ್ಮಿದರೂ ನಿಲ್ಲಲಿಲ್ಲ. ಮುಗಿಸಿ ಬಂದು ನನ್ನ ಸಾಲಿನ ಮುಂದೆ ನಿಂತು, "ತಪ್ಪು ತೀರ್ಪು ಕೊಟ್ರೆ ಅಂಪೈರೂ ರೌಂಡ್ ಹೊಡೀಬೇಕು ಕಣ್ಲಾ," ಅಂದರು. ನನಗೆ ಸಿಟ್ಟು ಬಂತು. ಬೈದಿದ್ದರೆ ಅಣಕಿಸಬಹುದಿತ್ತು. ಹೀಗೆ ನಡೆದುಬಿಟ್ಟರೆ ಏನು ಮಾಡುವುದು?

ಅಲ್ಲಿಂದ ಈ ಮನುಷ್ಯ ನನ್ನ ಬೆನ್ನು ಹತ್ತಿದರು. ಹತ್ತಿದವರು ಇಳಿಯಲಿಲ್ಲ.

ಹಾಸನಕ್ಕೆ ಕರೆದುಕೊಂಡು ಹೋದರು. ಅಪ್ಪ, "ಆಟೊ ಬುಟ್ಟು ಬರಕ್ಕಾಗಲ್ಲ ಸಾ, ನಿಮ್ಮ ಮಗ ಅಂದ್ಕಳಿ," ಎಂದು ಕೈಮುಗಿದ. ಬಸ್ಸಿನಲ್ಲಿ ಕಿಟಕಿಗೆ ನಾನು, ಪಕ್ಕಕ್ಕೆ ಅವರು. ನಾನು ಎಡಕ್ಕೆ, ಅವರು ಬಲಕ್ಕೆ. ಕಂಡಕ್ಟರ್ ಟಿಕೆಟ್ ಹರಿಯುತ್ತಾ, "ಏನ್ ಸಾ, ಮಾವ ಅಳಿಯ ಮುನಿಸ್ಕಂಡಂಗೆ ಕುಂತಿದೀರಿ?" ಅಂದ. ಬರುವಾಗ ಜಾಗ ಬದಲಾಯಿಸಿಕೊಂಡೆವು. ಅದು ಇನ್ನೂ ಕಷ್ಟ: ಪ್ರತಿ ರೋಡ್ ಹಂಪಿಗೂ ತಲೆಗೆ ತಲೆ.

ಎಕ್ಸ್‌ರೇ ನೋಡಿದ ಡಾಕ್ಟರು ನನ್ನ ಬೆನ್ನುಮೂಳೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಕೇರೆಹಾವು ಬಿಸಿಲಿಗೆ ಮಲಗಿದ ಹಾಗಿತ್ತು. ಸ್ಕೋಲಿಯೋಸಿಸ್ ಅಂದರು. ಯಾರನ್ನೋ ಅಣಕಿಸಿದ್ದಕ್ಕೆ ಬಂದದ್ದಲ್ಲ, ಬೆಳೆಯುವ ವಯಸ್ಸಿನಲ್ಲಿ ಕೆಲವರಿಗೆ ಸುಮ್ಮನೆ ಬರುತ್ತದೆ. "ಆರು ತಿಂಗಳಿಗೊಂದ್ಸಲ ನೋಡೋಣ. ಹೆಚ್ಚಾದ್ರೆ ಬೆಲ್ಟು. ಅದಕ್ಕೂ ಮೀರಿದ್ರೆ ಆಪರೇಷನ್, ಬೆನ್ನಿಗೆ ರಾಡ್ ಹಾಕಬೇಕಾಗುತ್ತೆ." ರಾಡ್ ಅಂದ ತಕ್ಷಣ ನನ್ನ ಕಣ್ಣಿಗೆ ಕಟ್ಟಿದ್ದು ಮನೆಯ ತಾರಸಿಯ ಮೇಲೆ ತುಕ್ಕು ಹಿಡಿದು ನಿಂತ ಕಬ್ಬಿಣದ ಸರಳು.

ಫಿಸಿಯೋಥೆರಪಿಯ ಮೇಡಂ ಹಾಸಿಗೆಯ ಮೇಲೆ ಬೋರಲು ಮಲಗಿಸಿ, ಬೆನ್ನಿಗೆ ಅಂಟುಪಟ್ಟಿ ಹಚ್ಚಿ, ಅದಕ್ಕೆ ವೈರು ಸಿಕ್ಕಿಸಿ, ಅಂಗೈಯಗಲದ ಒಂದು ಡಬ್ಬಿಯ ಗುಂಡಿ ಒತ್ತಿದರು. ನಾನು ಹಾಸಿಗೆಯಿಂದ ಎಗರಿ ಬಾಗಿಲಲ್ಲಿದ್ದೆ. ಚಿಕ್ಕಂದಿನಲ್ಲಿ ಅಜ್ಜನ ಶುಂಠಿ ಹೊಲದಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಿ ಎಗರಿಬಿದ್ದವನು ನಾನು. ಕರೆಂಟ್ ಅಂದರೆ ಇವತ್ತಿಗೂ ಕಾಲು ಮೊದಲು ಓಡುತ್ತದೆ, ತಲೆ ಆಮೇಲೆ.

"ಬ್ಯಾಟರಿದು ಕಣೋ, ಏನೂ ಆಗಲ್ಲ," ಅಂದರು ಮೇಡಂ. "ನೋಡು, ಸರಿಯಾಗಿ ಕೇಳಿಸ್ಕೋ. ಇದರಿಂದ ಮೂಳೆ ನೆಟ್ಟಗಾಗಲ್ಲ. ನೋವು ತಗ್ಗುತ್ತೆ, ಸೋತಿರೋ ಸ್ನಾಯು ಸ್ವಲ್ಪ ಎಚ್ಚರಾಗುತ್ತೆ, ಅಷ್ಟೇ. ನೋವಿಲ್ಲ ಅಂದ್ರೆ ವ್ಯಾಯಾಮ ಮಾಡ್ತೀಯ. ನಿನ್ನ ಕಾಯೋದು ಆ ವ್ಯಾಯಾಮ."

ಪರದೆಯ ಹಿಂದೆ ನಾನು ಅಂಗಿ ಹಾಕಿಕೊಳ್ಳುತ್ತಿದ್ದಾಗ ಆಕೆ ತಗ್ಗಿದ ದನಿಯಲ್ಲಿ, "ನಿಮಗೆ ಹೇಳಬೇಕಾಗಿಲ್ಲ ಅಲ್ವಾ ಸಾರ್?" ಅಂದದ್ದು ಕೇಳಿಸಿತು. "ಗೊತ್ತಮ್ಮ, ಗೊತ್ತು," ಅಂದರು ಮೇಷ್ಟ್ರು. ನನ್ನ ಚೇಷ್ಟೆಯ ಬಗ್ಗೆ ಎಚ್ಚರಿಕೆ ಕೊಡುತ್ತಿದ್ದಾರೆ ಅಂದುಕೊಂಡೆ.

ಮುಂದಿನ ವಾರ ಅಂಥದೇ ಒಂದು ಡಬ್ಬಿ ಶಾಲೆಯ ಕ್ರೀಡಾ ಸಾಮಗ್ರಿಯ ಕೋಣೆಗೆ ಬಂತು. ಮೇಡಂ ಹೇಳಿಕೊಟ್ಟ ಜಾಗ, ಹೇಳಿಕೊಟ್ಟ ಹೊತ್ತು, ಎಲ್ಲವನ್ನೂ ಮೇಷ್ಟ್ರು ರಟ್ಟಿನ ಮೇಲೆ ಬರೆದು ಗೋಡೆಗೆ ನೇತುಹಾಕಿದ್ದರು. ಸಂಜೆ ಬೆಲ್ಲಾದ ಮೇಲೆ ಲೋಕದ ಮಕ್ಕಳೆಲ್ಲ ಮನೆಗೆ ಹೋದರೆ ನಾನು ಹೈಜಂಪಿನ ಹಳೇ ಹಾಸಿಗೆಯ ಮೇಲೆ ಬಿದ್ದಿರಬೇಕು. ಮೊದಲು ಮುಕ್ಕಾಲು ಗಂಟೆ ಕಸರತ್ತು. ಒಂದು ಮಗ್ಗುಲಲ್ಲಿ ಮೊಣಕೈ ಊರಿ ಮೈ ಎತ್ತು, ಬೆಕ್ಕಿನಂತೆ ಬೆನ್ನು ಉಬ್ಬಿಸು, ಕಂಬಿಗೆ ಜೋತುಬೀಳು. ಆಮೇಲೆ ಡಬ್ಬಿ. ಅವರು ಅದಕ್ಕೆ ಇಟ್ಟ ಹೆಸರು ಇರುವೆ ಡಬ್ಬಿ, ಬೆನ್ನಮೇಲೆ ಇರುವೆ ಹರಿದಂತಾಗುತ್ತದೆಂದು. "ಮೊದ್ಲು ಬೆವರು, ಆಮೇಲೆ ಇರುವೆ" ಎನ್ನುವುದು ಅವರ ಮಂತ್ರ. ಈ ಮಂತ್ರವನ್ನು ಎಷ್ಟು ಸಲ ಕೇಳಿದ್ದೇನೆಂದರೆ ನಮ್ಮ ಬೀದಿಯ ನಾಯಿಗೂ ಬಾಯಿಪಾಠವಾಗಿತ್ತು.

ಮೊದಲ ದಿನ ನಾನು ಒಪ್ಪಲಿಲ್ಲ. "ಸಾ, ಕಾಲಿಗೆ ಬೀಳ್ತೀನಿ. ಬೆವರು ಎಷ್ಟಾದ್ರೂ ಸುರುಸ್ತೀನಿ. ಕರೆಂಟ್ ಮಾತ್ರ ಬ್ಯಾಡ ಸಾ."

ಅವರು ಡಬ್ಬಿಯನ್ನು ತಿರುಗಿಸಿ ತೋರಿಸಿದರು. "ಇಲ್ನೋಡು. ಎರಡು ತೂತು ಐತೆ, ಎರಡು ವೈರು ಬತ್ತದೆ. ಒಂದು ನಿಂಗೆ, ಒಂದು ನಂಗೆ. ನಂದೂ ಬೆನ್ನೇ ತಾನೆ? ಸತ್ರೆ ಇಬ್ರೂ ಸಾಯಾನ. ನಾಳೆ ಪ್ರಾರ್ಥನೆ ಇರಾಕಿಲ್ಲ, ಐಕ್ಳು ಖುಷಿಯಾಗಿರ್ತವೆ."

ನಾನು ಬೋರಲು ಮಲಗಿದೆ. ಪಟ್ಟಿ ಅಂಟಿಸಿದರು. ಹಿಂದೆ ಸ್ಟೂಲು ಎಳೆದ ಸದ್ದು, ಅಂಗಿ ಸರಿಸಿದ ಸದ್ದು. ಗುಂಡಿ ಒತ್ತಿದರು. ನನ್ನ ಬೆನ್ನಿಗೆ ಇರುವೆ ಹತ್ತುವ ಮುಂಚೆಯೇ ಹಿಂದಿನಿಂದ, "ಆಹಾಹಾಹಾ... ಹತ್ತಿದ್ವು ಕಣ್ಲಾ! ಸೊಂಟದತ್ರ... ಅಬ್ಬಬ್ಬಬ್ಬಾ... ಭುಜಕ್ಕೆ ಬಂದ್ವು... ಉಸ್ಸ್ಸ್!" ಎಂದು ಕೇಳಿತು. ನಗು ಬಂದು ನನ್ನ ಭಯ ಅರ್ಧ ಇಳಿಯಿತು. ಉಳಿದರ್ಧವನ್ನು ಅವರ ಕುಹಕ ಇಳಿಸಿತು.

"ನಂಗೆ ಐದು ಇಟ್ಕಂಡಿವ್ನಿ. ನಿಂಗೆ ಎಷ್ಟು, ಮೂರಾ? ಮುದುಕನಿಗಿಂತ ಕಡೆಯಾದೇನ್ಲಾ?"

"ನಂಗೂ ನಾಲ್ಕಿಡಿ ಸಾ."

ಹೀಗೆ ಇಪ್ಪತ್ತು ನಿಮಿಷ. ಮುಖ ಹಾಸಿಗೆಗೆ, ಮೂಗಿಗೆ ಹಳೇ ತೆಂಗಿನ ನಾರಿನ ವಾಸನೆ, ಕಿವಿಗೆ ಮೇಷ್ಟ್ರ ನರಳಾಟ. ನಡುನಡುವೆ ಅವರು ಕಬಡ್ಡಿಯಲ್ಲಿ ಬೆನ್ನು ಮುರಿದುಕೊಂಡ ಕಥೆ. ಕಥೆಯಲ್ಲಿ ದಿನಾ ಗೆಲ್ಲುತ್ತಿದ್ದರು, ಆದರೆ ಎದುರಾಳಿ ಊರು ಒಂದು ದಿನ ನುಗ್ಗೇಹಳ್ಳಿ, ಇನ್ನೊಂದು ದಿನ ಹೊಳೆನರಸೀಪುರ. ಕೇಳಿದರೆ, "ಎರಡು ಕಡೆಯೂ ಬಿದ್ದಿವ್ನಿ ಕಣ್ಲಾ, ಸುಮ್ನೆ ಮಲೀಕ," ಎನ್ನುತ್ತಿದ್ದರು. ಮುಗಿದ ಮೇಲೆ ಪಟ್ಟಿ ಕೀಳುವಾಗ ಬೆನ್ನಿನ ರೋಮವೆಲ್ಲ ಅದರೊಂದಿಗೆ ಹೋಗುತ್ತಿತ್ತು. ಕಿತ್ತ ಪಟ್ಟಿಗೆ ಒಂದು ತೊಟ್ಟು ನೀರು ಸವರಿ, ಪ್ಲಾಸ್ಟಿಕ್ಕಿಗೆ ಅಂಟಿಸಿ, ಹಸುಗೂಸಿನಂತೆ ಚೀಲದಲ್ಲಿ ಮಲಗಿಸುತ್ತಿದ್ದರು. ನನ್ನ ಮೇಲೆ ಆ ಮೃದುತ್ವ ಒಂದು ದಿನವೂ ತೋರಲಿಲ್ಲ.

ಇಷ್ಟಕ್ಕೇ ಬಿಡುತ್ತಿದ್ದರೇ? ಇಲ್ಲ. ಕೊನೆಯಲ್ಲಿ ಒಂದು ಪರೀಕ್ಷೆ.

"ಓರೆ ಇರೋರ್ನ ಅಣಕಿಸಾದು ಯಾವ ಕೋತಿಗೂ ಬತ್ತದೆ. ಎಲ್ಲಿ, ನೆಟ್ಟಗಿರೋ ಒಬ್ಬ ಮನುಷ್ಯನ್ನ ಮಾಡಿ ತೋರ್ಸು. ಅರವತ್ತು ಎಣಿಸಾಗಂಟ. ನಡುವೆ ಬಾಯಿ ಬುಟ್ರೆ ಮತ್ತೆ ಒಂದರಿಂದ."

ನಾನು ಮಿಲಿಟರಿಯಿಂದ ರಜೆಗೆ ಬರುವ ಪಕ್ಕದ ಬೀದಿಯ ಅಣ್ಣನನ್ನು ಮಾಡಿದೆ, ಕೊಡ ಹೊತ್ತು ನಡೆಯುವ ಚಿಕ್ಕಮ್ಮನನ್ನು ಮಾಡಿದೆ, ವೋಟು ಕೇಳಲು ಬಂದು ಹಾರ ಹಾಕಿಸಿಕೊಳ್ಳುವವನನ್ನು ಮಾಡಿದೆ. ಮೇಷ್ಟ್ರು ಸೀಟಿಯನ್ನು ನನ್ನ ಕತ್ತಿನಿಂದ ಇಳಿಬಿಟ್ಟು ನೋಡಿ, "ಚಿಕ್ಕಮ್ಮ ಪಾಸು. ವೋಟಿನೋನು ಫೇಲು," ಎನ್ನುತ್ತಿದ್ದರು. ನಲವತ್ತೈದರ ಹತ್ತಿರ ಬೇಕೆಂದೇ ಹೆಡ್‌ಮಾಸ್ಟರ ಥರ ಕೆಮ್ಮಿ ನನ್ನನ್ನು ನಗಿಸಿ, ಮತ್ತೆ ಒಂದರಿಂದ ಶುರು ಮಾಡಿಸುತ್ತಿದ್ದರು. ಇವರನ್ನು ಯಾವ ಕಾನೂನಿನಲ್ಲಿ ಒಳಗೆ ಹಾಕಿಸಬಹುದೆಂದು ನಾನು ಯೋಚಿಸಿದ್ದುಂಟು. ಚಕ್ಕರ್ ಹೊಡೆದರೆ ಮನೆ ಮುಂದೆ ಬಂದು ಸೀಟಿ ಊದುತ್ತಿದ್ದರು. ಅಪ್ಪ ಒಳಗಿಂದಲೇ, "ಓಗ್ಲಾ, ಬ್ಯಾಟ್ರಿ ಚಾರ್ಜ್ ಮಾಡಿಸ್ಕಂಡು ಬಾ," ಎನ್ನುತ್ತಿದ್ದ.

ಆರು ತಿಂಗಳ ಮೇಲೆ ತೆಗೆಸಿದ ಎಕ್ಸ್‌ರೇಯಲ್ಲಿ ಬಾಗು ಸ್ವಲ್ಪ ಹೆಚ್ಚಾಗಿತ್ತು, ಬೆಲ್ಟು ಬೇಕಾಗುವಷ್ಟಲ್ಲ. ಮಾರನೆಯ ಸಂಜೆ ಕೋಣೆಗೆ ಹೋದವನೇ ಡಬ್ಬಿಯ ಚೀಲವನ್ನು ಗೋಡೆಗೆ ಎಸೆದೆ.

"ನೀವೂ ದಿನಾ ಹಾಕ್ಕತೀರಲ್ಲ ಸಾ, ನಿಮ್ಮ ಬೆನ್ನೇನು ನೆಟ್ಟಗಾಗೈತಾ? ಸುಮ್ನೆ ನನ್ನ ಗೋಳು ಉಯ್ಕತೀರ. ರಾಡಾದ್ರೂ ಹಾಕ್ಲಿ, ಏನಾದ್ರೂ ಹಾಕ್ಲಿ!"

ಅವರು ಬಗ್ಗಿ ಚೀಲ ಎತ್ತಿಕೊಂಡರು. ಬಗ್ಗುವುದು ಅವರಿಗೆ ಸುಲಭದ ಕೆಲಸವಲ್ಲ. ಗೋಡೆ ಹಿಡಿದು, ಒಂದು ಮಂಡಿ ಊರಿ ಎತ್ತಬೇಕು. ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು.

"ನಂದು ನೆಟ್ಟಗಾಗೋ ಕಾಲ ಮುಗೀತು ಕಣ್ಲಾ," ಅಂದರು. "ನನ್ನ ಕಾಲ್ದಾಗೆ ಬಾಗಿ ನೋಡು ಅನ್ನೋರು ಯಾರೂ ಇರ್ಲಿಲ್ಲ. ನೀನಿನ್ನೂ ಬೆಳೀತಾ ಇದೀಯ. ಬೆಳ್ಯಾದು ನಿಲ್ಲಾಗಂಟ ಇಡ್ಕಂಡ್ರೆ ಸಾಕು. ನೆಟ್ಟಗಾಗಾದು ಬ್ಯಾಡ, ಇನ್ನೂ ಓರೆ ಆಗದಂಗೆ ಇಡ್ಕ. ಅಷ್ಟು ಮಾಡಾಕಾಗಲ್ವಾ? ಆಗಲ್ಲ ಅಂದ್ರೆ ಓಗು. ಸೀಟಿ ಊದಲ್ಲ."

ನಾನು ಬಾಗಿಲವರೆಗೆ ಹೋದೆ. ಊದಲಿಲ್ಲ. ಮೈದಾನದ ಅರ್ಧದವರೆಗೆ ಹೋದೆ. ಆಗಲೂ ಊದಲಿಲ್ಲ. ಊದಿದ್ದರೆ ಓಡಿಹೋಗಿಬಿಡುತ್ತಿದ್ದೆನೇನೋ. ವಾಪಸು ಬಂದು ನೋಡಿದರೆ ಅವರು ಸ್ಟೂಲಿನ ಮೇಲೆ ಕೂತು ಪಟ್ಟಿಗೆ ನೀರು ಸವರುತ್ತಿದ್ದರು. "ಮೊದ್ಲು ಬೆವರು," ಅಂದರು, ತಲೆ ಎತ್ತದೆ.

ಅದರ ಮುಂದಿನ ಎಕ್ಸ್‌ರೇಯಲ್ಲಿ ಬಾಗು ಅಲ್ಲೇ ನಿಂತಿತ್ತು. ಅದರ ಮುಂದಿನದರಲ್ಲೂ ನಿಂತಿತ್ತು. ಪಿಯುಸಿ ಮುಗಿಯುವ ಹೊತ್ತಿಗೆ ಡಾಕ್ಟರು, ಬೆಳವಣಿಗೆ ಮುಗಿಯಿತು, ಆಪರೇಷನ್ ಬೇಡ, ಕಸರತ್ತು ಬಿಡಬೇಡ ಅಂದರು. ನೆಟ್ಟಗಾಯಿತೇ ಅಂದರೆ ಇಲ್ಲ. ಇವತ್ತಿಗೂ ಟೈಲರು ಒಂದು ಭುಜಕ್ಕೆ ಪ್ಯಾಡು ಇಡುತ್ತಾನೆ. ಆದರೆ ಬೆನ್ನಿನಲ್ಲಿ ಕಬ್ಬಿಣವಿಲ್ಲ.

ಮೇಷ್ಟ್ರು ನಿವೃತ್ತರಾಗಿ ಹೊಳೆನರಸೀಪುರಕ್ಕೆ ಹೋದರು. ನಾನು ಚನ್ನರಾಯಪಟ್ಟಣದ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ, ಭಾನುವಾರ ಆರತಕ್ಷತೆಗಳಲ್ಲಿ ಮಿಮಿಕ್ರಿ ಮಾಡತೊಡಗಿದೆ. ನನ್ನ ಹೆಸರು ಓಡಿದ್ದೇ 'ಇರುವೆ ಹತ್ತಿಸಿಕೊಂಡ ಮೇಷ್ಟ್ರು' ಐಟಂನಿಂದ. "ಆಹಾಹಾಹಾ... ಭುಜಕ್ಕೆ ಬಂದ್ವು..." ಅಂದರೆ ಸಾಕು, ಊಟದ ಪಂಕ್ತಿಯಲ್ಲಿದ್ದವರೂ ಎದ್ದು ಬರುತ್ತಿದ್ದರು. ಸುದ್ದಿ ಅವರಿಗೂ ಮುಟ್ಟಿ ಒಂದು ದಿನ ಫೋನ್ ಬಂತು.

"ಏನ್ಲಾ, ನನ್ನ ನರಳಾಟ ಬಲು ಚೆನ್ನಾಗಿ ಮಾಡ್ತೀಯಂತೆ?"

"ನಿಮ್ಮ ಆಶೀರ್ವಾದ ಸಾ."

"ಕೊನೇಲಿ ಉಸ್ರು ಎಳ್ಕತಿದ್ದೆ ನೋಡು, ಉಸ್ಸ್ ಅಂತ, ಅದ್ನ ಬುಡಬ್ಯಾಡ. ಅದು ಮುಖ್ಯ," ಎಂದು ಯಾಕೋ ತುಂಬ ಹೊತ್ತು ನಕ್ಕರು.

ಹೋದ ವರ್ಷ ಅವರು ತೀರಿಕೊಂಡ ಸುದ್ದಿಯನ್ನು ಯಾರದೋ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ನೋಡಿದೆ. ಹನ್ನೊಂದನೇ ದಿನದ ತಿಥಿಗೆ ಹೋದೆ. ಊಟ ಮುಗಿದ ಮೇಲೆ ಅವರ ಹೆಂಡತಿ ಒಳಗಿನಿಂದ ಆ ಚೀಲ ತಂದು ನನ್ನ ಕೈಗಿಟ್ಟರು. "ನಿಂಗೆ ಕೊಡು ಅಂದಿದ್ರು ಕಣಪ್ಪ."

ಜಿಪ್ಪು ಎಳೆದೆ. ಡಬ್ಬಿ, ಸವೆದ ಪಟ್ಟಿಗಳು, ಎರಡು ಕಡೆ ಕಪ್ಪು ಟೇಪು ಸುತ್ತಿದ ನನ್ನ ವೈರು. ತಳದಲ್ಲಿ ಇನ್ನೊಂದು ವೈರು. ಅದು ಕಂಪನಿಯಿಂದ ಬಂದಾಗ ಸುತ್ತಿದ್ದ ತಂತಿಯ ಕಟ್ಟಿನಲ್ಲೇ, ಪ್ಲಾಸ್ಟಿಕ್ ಕವರಿನೊಳಗೇ ಇತ್ತು. ಕವರಿನ ಬಾಯಿಯ ಅಂಟು ಬಿಚ್ಚಿರಲಿಲ್ಲ.

"ಅಮ್ಮಾ, ಮೇಷ್ಟ್ರ ವೈರು ಎಲ್ಲಿ?"

"ಅವ್ರದ್ದಾ?" ಆಕೆ ನನ್ನ ಮುಖ ನೋಡಿದರು. "ಅವ್ರಿಗೆಲ್ಲಿಯ ವೈರಪ್ಪ? ಎದೇಲಿ ಮಿಷಿನ್ ಇತ್ತಲ್ಲ, ಪೇಸ್‌ಮೇಕರು. ನೀನು ಹೈಸ್ಕೂಲಿಗೆ ಬರೋ ಮುಂಚಿಂದ್ಲೂ ಇತ್ತು. ಅಂಥದ್ದೊಂದು ಪಟ್ಟಿ ಮೈಗೆ ಹಚ್ಚಲೇಬಾರ್ದು ಅಂದಿದ್ರು ಡಾಕ್ಟ್ರು. ಬೆನ್ನು ನೋವು ಅಂತ ಸಾಯೋಗಂಟ ಹರಳೆಣ್ಣೆ ಹಚ್ಚಿ ಉಜ್ಜಿದ್ದು ನಾನು."

"ಮತ್ತೆ ಆಹಾಹಾ ಅಂತಿದ್ರು... ಹತ್ತಿದ್ವು, ಭುಜಕ್ಕೆ ಬಂದ್ವು ಅಂತ..."

ಆಕೆ ಸೆರಗು ಬಾಯಿಗೆ ಅಡ್ಡ ಹಿಡಿದರು. ನಗುವೋ ಅಳುವೋ ತಿಳಿಯಲಿಲ್ಲ. "ಹಿತ್ಲಲ್ಲಿ ನಿಂತ್ಕಂಡು ದಿನಾ ನರಳೋರು ಕಣಪ್ಪ. ಒಂದಿನ ಪಕ್ಕದ ಮನೆಯವ್ರು ಎದೆನೋವು ಬಂತೇನೋ ಅಂತ ಓಡಿ ಬಂದಿದ್ರು. ಏನ್ರೀ ಇದು ಅಂದ್ರೆ, 'ಸುಮ್ನಿರೇ, ಆ ನನ್ಮಗ ಬಾರಿ ಚಾಲಾಕು, ಒಂಚೂರು ಎಚ್ಚುಕಮ್ಮಿ ಆದ್ರೂ ಇಡ್ದಾಕ್ಬುಡ್ತಾನೆ' ಅನ್ನೋರು."

ಹಿಡಿದುಹಾಕಲಿಲ್ಲ. ಪರದೆಯಾಚೆ ಮೇಡಂ ಎಚ್ಚರಿಸಿದ್ದು ನನ್ನ ಚೇಷ್ಟೆಯ ಬಗ್ಗೆಯಲ್ಲ, ಈ ಮಿಷಿನ್ನಿನ ಬಗ್ಗೆ ಎಂದೂ ಆಗ ಹೊಳೆಯಲಿಲ್ಲ. ಜಿಲ್ಲೆಯ ದನಿಗಳನ್ನೆಲ್ಲ ಕದ್ದು ತಿನ್ನುವ ನಾನು, ಬೋರಲು ಬಿದ್ದುಕೊಂಡು, ಸಂಜೆ ಸಂಜೆಯೂ ಒಬ್ಬ ಕಬಡ್ಡಿ ಆಟಗಾರನ ಕೈಯಲ್ಲಿ ಪೂರಾ ಮೋಸಹೋಗಿದ್ದೆ. ನರಳುವ ಮೇಷ್ಟ್ರನ್ನು ಅಣಕಿಸುತ್ತಿದ್ದೇನೆ ಅಂದುಕೊಂಡಿದ್ದೆ; ನರಳುವವನ ಪಾತ್ರ ಕಟ್ಟುತ್ತಿದ್ದ ಮೇಷ್ಟ್ರನ್ನು ಅಣಕಿಸಿ ಊರೂರು ಮೆರೆದಿದ್ದೆ. ಅದಕ್ಕೇ ಫೋನಿನಲ್ಲಿ ಅಷ್ಟು ನಕ್ಕದ್ದು. ಅದಕ್ಕೇ "ಉಸ್ಸ್ ಬುಡಬ್ಯಾಡ" ಎಂದು ತಿದ್ದಿದ್ದು. ಬದುಕಿದ್ದರೆ ಅವರ ಮನೆ ಮುಂದೆ ನಿಂತು ನಾನೂ ಒಂದು ಸಲ ಜೋರಾಗಿ ಸೀಟಿ ಊದಿ ಬರುತ್ತಿದ್ದೆ.

ಮುಂದಿನ ಭಾನುವಾರ ಚನ್ನರಾಯಪಟ್ಟಣದ ಒಂದು ಆರತಕ್ಷತೆಯಲ್ಲಿ "ಇರುವೆ! ಇರುವೆ!" ಎಂದು ಕೂಗಿದರು. ಮಾಡಿದೆ. ಕೊನೆಯ ಉಸಿರು ಎಳೆದುಕೊಳ್ಳುವುದನ್ನೂ ಮಾಡಿದೆ. ಜನ ನಕ್ಕು ಮುಗಿಸಿದರು. ನಾನು ಮೈಕು ಕೆಳಗಿಳಿಸಿ, ಕೈ ಪಕ್ಕಕ್ಕೆ ಬಿಟ್ಟು, ನೆಟ್ಟಗೆ ನಿಂತೆ. ನನ್ನ ಮಟ್ಟಿಗೆ ಎಷ್ಟು ನೆಟ್ಟಗೋ ಅಷ್ಟು. ಮನಸ್ಸಿನಲ್ಲೇ ಒಂದರಿಂದ ಅರವತ್ತಕ್ಕೆ ಎಣಿಸತೊಡಗಿದೆ. ಚಪ್ಪಾಳೆ ತಟ್ಟಲೋ ಬೇಡವೋ ಎಂದು ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಮುಂದಿನ ಸಾಲಿನಿಂದ ಒಬ್ಬ ಕೂಗಿದ:

"ಗುರೂ, ಇದ್ಯಾರ್ದು ಐಟಮ್ಮು?"

ನಾನು ಬಾಯಿ ಬಿಡಲಿಲ್ಲ. ಇನ್ನೂ ನಲವತ್ತೊಂದರಲ್ಲಿದ್ದೆ.